ಮೊಮ್ಮಗಳು ಕುದುರೆಯೇರಿದಳು

ನಮ್ಮ ಮನೆಗಳಲ್ಲಿ ಕುದುರೆಯ ಚಿತ್ರಕ್ಕೆ ಕೊರತೆಯಿಲ್ಲ. ಖಡ್ಗ ಹಿಡಿದು ಕುದುರೆಯೇರಿದ ಕಿತ್ತೂರಿನ ರಾಣಿ ಚೆನ್ನಮ್ಮನ ಪಟ ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿತ್ತು. ಇಂದು ಪೀಣ್ಯದ ಬಳಿಯ ನಮ್ಮ ಚಿಕ್ಕ ಮನೆಯ ಗೋಡೆಯ ಮೇಲೂ ಇದೆ. 1824ರ ಅಕ್ಟೋಬರ್ 23ರಂದು ಆ ತಾಯಿಯ ಸೈನ್ಯವು ಕಿತ್ತೂರಿನಲ್ಲಿ ಇಂಗ್ಲಿಷರನ್ನು ಸೋಲಿಸಿದ ಕಥೆಯನ್ನು ನಮ್ಮ ಹಿರಿಯರು ತಮ್ಮ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಹುಬ್ಬಳ್ಳಿಗೆ ಹೋದಾಗಲೆಲ್ಲ ಚೆನ್ನಮ್ಮ ವೃತ್ತದ ಅಶ್ವಾರೂಢ ಪ್ರತಿಮೆಯನ್ನು ತೋರಿಸಿ ಕೈಮುಗಿಸುತ್ತಿದ್ದರು. ಆದರೆ ಮನೆಯ ಹೆಣ್ಣುಮಗುವೊಂದು "ನಾನೂ ಕುದುರೆ ಸವಾರಿ ಕಲಿಯುತ್ತೇನೆ" ಎಂದರೆ ನಾವು ಹೇಳುವ ಮಾತೇನು? "ಅದೇಕವ್ವಾ ನಿನಗೆ? ಬಿದ್ದು ಕೈಕಾಲು ಮುರಿದುಕೊಂಡೀಯೆ!" ಎನ್ನುತ್ತೇವೆ. ಎರಡು ವರ್ಷದ ಹಿಂದೆ ನಾನೂ ಹಾಗೆಯೇ ಅಂದವನು. ಆಮೇಲೆ ನಡೆದುದನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಮೊಮ್ಮಕ್ಕಳುಳ್ಳ ಹಿರಿಯರ ಮುಂದೆ, ಇಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ. ಮಗಳು-ಅಳಿಯ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು, ವೈಟ್‌ಫೀಲ್ಡಿನಲ್ಲಿ ವಾಸ. 1882ರ ಸುಮಾರಿಗೆ ಮೈಸೂರು ಅರಸರು ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಗೆಂದು ಕೊಟ್ಟ ಆ ಬಯಲು ಇಂದು ಗಾಜಿನ ಕಟ್ಟಡಗಳ ಊರಾಗಿದೆ. ಆದರೂ ಸರ್ಜಾಪುರದ ಕಡೆಗೆ ಕೆಲವು ಮೈಲಿ ಸರಿದರೆ ನೀಲಗಿರಿ ತೋಪುಗಳೂ ರಾಗಿ ಹೊಲಗಳೂ ಅಲ್ಲಲ್ಲಿ ಉಳಿದಿವೆ. ಅಂಥ ಒಂದು ತೋಪಿನ ಬದಿಯಲ್ಲಿ ಹತ್ತು-ಹನ್ನೆರಡು ಕುದುರೆಗಳಿರುವ ಸಣ್ಣ ಸವಾರಿ ಶಾಲೆಯೊಂದುಂಟು. ಶಾಲೆಯ ಗೆಳತಿಯೊಬ್ಬಳ ಜೊತೆ ಒಮ್ಮೆ ಅಲ್ಲಿಗೆ ಹೋಗಿಬಂದ ಮಗು ಹಟ ಹಿಡಿಯಿತು. ತಂದೆತಾಯಿಗಳು ಒಪ್ಪಿದರು. ಶನಿವಾರ, ಭಾನುವಾರ ಬೆಳಗ್ಗೆ ಅವಳನ್ನು ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂತು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗದ ಮೆಟ್ರೋ ಕಾಡುಗೋಡಿಯವರೆಗೆ ತಡೆಯಿಲ್ಲದೆ ಓಡಲಾರಂಭಿಸಿದ ಮೇಲೆ ಈ ಹೊಣೆ ಹಗುರಾಯಿತು. ಶುಕ್ರವಾರ ಸಂಜೆ ದಾಸರಹಳ್ಳಿಯಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ರಾತ್ರಿಯ ಊಟದ ಹೊತ್ತಿಗೆ ಮಗಳ ಮನೆ.

ಈ ಹೊಣೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡುದಕ್ಕೆ ಒಂದು ಗುಟ್ಟಿನ ಕಾರಣವೂ ಇತ್ತು. ಕುದುರೆಯ ವಿಷಯ ನನಗೆ ಗೊತ್ತಿದೆಯೆಂಬ ಹೆಮ್ಮೆ ನನ್ನಲ್ಲಿತ್ತು. ಬೈಲಹೊಂಗಲ ಸೀಮೆಯ ನಮ್ಮ ಊರಿನಲ್ಲಿ ನನ್ನ ಅಜ್ಜನಿಗೆ ಒಂದು ಹೆಣ್ಣುಕುದುರೆಯಿತ್ತು. ಹೊಲಕ್ಕೆ, ಸಂತೆಗೆ, ನೆಂಟರ ಊರಿಗೆ ಅದರ ಮೇಲೆಯೇ ಅವರ ಪಯಣ. ಎಂಟು-ಹತ್ತರ ವಯಸ್ಸಿನಲ್ಲಿ ನಾನು ಜೀನಿಲ್ಲದ ಅದರ ಬೆನ್ನ ಮೇಲೆ ಕುಳಿತು ಹಳ್ಳದವರೆಗೆ ನೀರು ಕುಡಿಸಲು ಹೋಗುತ್ತಿದ್ದೆ. "ತೊಡೆಯಿಂದ ಬಿಗಿಯಾಗಿ ಅವುಚಿಕೋ" ಎಂಬುದೊಂದೇ ನನಗೆ ದೊರೆತ ಪಾಠ. ಅನಂತರ ಓದು, ಐಟಿಐ, ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷದ ದುಡಿಮೆ. ಕುದುರೆ ಮರೆಯಿತು, ಆ ಪಾಠ ಮಾತ್ರ ಮರೆಯಲಿಲ್ಲ.

ಸವಾರಿ ಶಾಲೆಯ ಗುರುಗಳು ಸೈನ್ಯದಲ್ಲಿ ಕುದುರೆಗಳೊಡನೆ ದುಡಿದು ನಿವೃತ್ತರಾದವರು. ವಿಜಯಪುರದ ಕಡೆಯವರು. ಮಕ್ಕಳೆಲ್ಲ ಅವರನ್ನು "ಉಸ್ತಾದ್" ಎಂದು ಕರೆಯುತ್ತಾರೆ. ಮಿತಭಾಷಿ. ಮೊಮ್ಮಗಳಿಗೆ ಅವರು ಕೊಟ್ಟದ್ದು ಕಂದುಬಣ್ಣದ ಒಂದು ಹೆಣ್ಣುಕುದುರೆ. ಒಂದು ಕಾಲಕ್ಕೆ ಜೂಜಿನ ಮೈದಾನದಲ್ಲಿ ಓಡಿ, ವಯಸ್ಸಾದ ಮೇಲೆ ಮಕ್ಕಳನ್ನು ಹೊರುವ ಕೆಲಸಕ್ಕೆ ಬಂದ ಸಾಧು ಪ್ರಾಣಿ.

ಮೊದಲ ಎರಡು ತಿಂಗಳು ಎಲ್ಲವೂ ಸರಿಯಿತ್ತು. ಕುದುರೆ ನಡೆಯುತ್ತಿತ್ತು, ಮಗು ನಗುತ್ತಿತ್ತು. ಮೂರನೆಯ ತಿಂಗಳು ಟ್ರಾಟ್ ಎಂಬ ಜಿಗಿನಡಿಗೆ ಆರಂಭವಾಯಿತು. ನಡಿಗೆಯಲ್ಲಿ ಕುದುರೆಯ ನಾಲ್ಕು ಗೊರಸುಗಳು ಒಂದಾದ ಮೇಲೊಂದರಂತೆ ನಾಲ್ಕು ತಾಳದಲ್ಲಿ ನೆಲ ಮುಟ್ಟುತ್ತವೆ. ಟ್ರಾಟಿನಲ್ಲಿ ಎದುರು ಬದಿಯ ಮುಂಗಾಲು-ಹಿಂಗಾಲುಗಳು ಜೋಡಿಯಾಗಿ ಬಿದ್ದು ಎರಡೇ ತಾಳ. ಎರಡರ ನಡುವೆ ಒಂದು ಕ್ಷಣ ಇಡೀ ಪ್ರಾಣಿ ಗಾಳಿಯಲ್ಲಿರುತ್ತದೆ. ಅದರಿಂದಾಗಿಯೇ ಸವಾರನು ಪುಟಿಯುತ್ತಾನೆ. ಮೊಮ್ಮಗಳು ಪುಟಿದಳು, ಹೆದರಿದಳು, ಮೊಣಕಾಲುಗಳನ್ನು ಬಿಗಿದಳು, ಲಗಾಮನ್ನು ಎದೆಗೆ ಎಳೆದುಕೊಂಡಳು. ತಿರುವೊಂದರಲ್ಲಿ ಜಾರಿ ಮರಳಿನ ಮೇಲೆ ಬಿದ್ದಳು. ತಲೆಗೆ ಹೆಲ್ಮೆಟ್ ಇದ್ದುದರಿಂದಲೂ ನೆಲ ಮೃದುವಾಗಿದ್ದುದರಿಂದಲೂ ಮೊಣಕೈ ತರಚಿದ್ದನ್ನು ಬಿಟ್ಟರೆ ಬೇರೆ ಗಾಯವಾಗಲಿಲ್ಲ. ಆದರೆ ಹೆದರಿಕೆ ಮೈಯೊಳಗೆ ಇಳಿದುಬಿಟ್ಟಿತು.

ಮುಂದಿನ ವಾರದಿಂದ ನನ್ನ ಅಧಿಕಪ್ರಸಂಗ ಆರಂಭವಾಯಿತು. ಬೇಲಿಗೆ ಒರಗಿ ನಿಂತು ನಾನು ಕೂಗುತ್ತಿದ್ದೆ: "ಮೊಣಕಾಲು ಬಿಗಿ ಹಿಡಿ! ಬೆನ್ನು ನೇರ ಮಾಡು! ಕೆಳಗೆ ನೋಡಬೇಡ! ಹಿಮ್ಮಡಿ ಒತ್ತು!" ನಾನು ಕೂಗಿದಷ್ಟೂ ಮಗು ಮರದ ಬೊಂಬೆಯಂತಾಗುತ್ತಿತ್ತು. ಅವಳು ಬಿಗಿದಷ್ಟೂ ಕುದುರೆ ತಲೆಯೆತ್ತಿ, ಕಿವಿ ಹಿಂದಕ್ಕೆ ಮಡಚಿ ಅವಸರ ಪಡುತ್ತಿತ್ತು. ಅದು ಅವಸರಿಸಿದಷ್ಟೂ ಇವಳು ಇನ್ನಷ್ಟು ಬಿಗಿಯುತ್ತಿದ್ದಳು. ಹೀಗೆ ನಾಲ್ಕು ವಾರ ಕಳೆದವು. ಒಂದು ಶುಕ್ರವಾರ ರಾತ್ರಿ ಊಟವಾದ ಮೇಲೆ ಮಗು ನನ್ನ ಹತ್ತಿರ ಬಂದು, ಮುಖ ನೋಡದೆ, "ಅಜ್ಜಾ, ನಾಳೆ ನೀನು ಬರಬೇಡ" ಎಂದಳು.

ಆ ಮಾತು ನನಗೆ ನಾಟಿತು. ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ನಾನೇ ಕಲಿಸಬಲ್ಲೆನೆಂದು ಹೆಮ್ಮೆಪಟ್ಟ ವಿಷಯದಲ್ಲಿಯೇ ಮಗುವಿಗೆ ನಾನು ಬೇಡವಾಗಿದ್ದೆ. ಮರುದಿನ ಅಳಿಯನೇ ಅವಳನ್ನು ಕರೆದೊಯ್ದನು. ಭಾನುವಾರ ಮಗುವಿನ ಪಾಠವಿಲ್ಲದ ಹೊತ್ತಿನಲ್ಲಿ ನಾನೊಬ್ಬನೇ ಆಟೋ ಹಿಡಿದು ಉಸ್ತಾದರಲ್ಲಿಗೆ ಹೋದೆ. ಮಗುವಿನ ಹೆದರಿಕೆಗೆ ಪರಿಹಾರವೇನೆಂದು ಕೇಳಿದೆ. ಅವರು ನಕ್ಕು, "ಯಜಮಾನರೇ, ಮೊದಲು ನೀವು ಕೂಡಿರಿ" ಎಂದು ಲಾಯದ ಮೂಲೆಗೆ ಕರೆದೊಯ್ದರು. ಅಲ್ಲಿ ಮರದ ಕುದುರೆಯಂಥ ಒಂದು ಅಡ್ಡೆಯ ಮೇಲೆ ಜೀನು ಬಿಗಿದಿತ್ತು. ಎಪ್ಪತ್ತರ ಹೊಸ್ತಿಲಲ್ಲಿರುವ ನಾನು ಸ್ಟೂಲು ಹಾಕಿಕೊಂಡು ಅದರ ಮೇಲೆ ಹತ್ತಿ ಕುಳಿತೆ.

"ಈಗ ಮೊಣಕಾಲು ಬಿಗಿ ಹಿಡಿಯಿರಿ" ಎಂದರು. ಹಿಡಿದೆ. ಏನಾಯಿತು ಗೊತ್ತೆ? ನನ್ನ ಕೂರುಭಾಗ ಜೀನಿನಿಂದ ಮೇಲೆದ್ದಿತು. ಇನ್ನೂ ಬಿಗಿದೆ; ಇನ್ನೂ ಮೇಲೆದ್ದಿತು. "ಹಸಿ ಹಲಸಿನ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಏನಾಗುತ್ತದೆ?" ಎಂದು ಕೇಳಿದರು. ಪುಟಿದು ಹಾರುತ್ತದೆ. ಬಿಗಿಹಿಡಿದ ಸವಾರನಿಗೂ ಅದೇ ಗತಿ. ಜೀನಿಲ್ಲದ ಬೆನ್ನ ಮೇಲೆ ಹಳ್ಳದವರೆಗೆ ನಾನು ಬೀಳದೆ ಹೋಗಿದ್ದು ತೊಡೆಯ ಬಲದಿಂದಲ್ಲ. ಎಂಟು ವರ್ಷದ ಹುಡುಗನ ಮೈ ಸಡಿಲವಾಗಿದ್ದುದರಿಂದ ಮತ್ತು ಆ ಮುದಿ ಕುದುರೆ ಮೆಲ್ಲಗೆ ನಡೆಯುತ್ತಿದ್ದುದರಿಂದ. ಅರವತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಪಾಠ ತಪ್ಪಾಗಿತ್ತು!

ಪೀಣ್ಯದ ಕೆಲಸಗಾರನಿಗೆ ಇದು ಆಗಲೇ ಹೊಳೆಯಬೇಕಾಗಿತ್ತು. ತಿರುಗುವ ಅಚ್ಚಿಗೂ ಬೇರಿಂಗಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಬೇಕೇ ಬೇಕು. ಆ ಸಡಿಲವಿಲ್ಲದೆ ಕೂರಿಸಿದರೆ ಬಿಸಿಯೇರಿ ಹಿಡಿದುಕೊಳ್ಳುತ್ತದೆ. ಹೆಚ್ಚು ಸಡಿಲವಾದರೆ ಅದುರುತ್ತದೆ. ಎಷ್ಟೋ ಹೊಸ ಹುಡುಗರಿಗೆ ನಾನೇ ಇದನ್ನು ಹೇಳಿಕೊಟ್ಟವನು. ಕುದುರೆಯ ಮೇಲಿನ ಮೈಗೂ ಇದೇ ನಿಯಮವೆಂದು ತಿಳಿಯಲು ನನಗೆ ಮರದ ಅಡ್ಡೆ ಹತ್ತಬೇಕಾಯಿತು.

ಉಸ್ತಾದರು ಮುಂದೆ ಹೇಳಿದ್ದೂ ಕಾರ್ಖಾನೆಯ ಭಾಷೆಯಲ್ಲಿಯೇ ನನಗೆ ಅರ್ಥವಾಯಿತು. ಸವಾರನ ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರಬೇಕು. ಕುರ್ಚಿಯಲ್ಲಿ ಕುಳಿತಂತೆ ಕಾಲು ಮುಂದೆ ಚಾಚಿದರೆ ಈ ಗೆರೆ ಮುರಿಯುತ್ತದೆ. ಕುದುರೆ ಹೆಜ್ಜೆ ಹಾಕಿದಾಗಲೆಲ್ಲ ಸವಾರ ಹಿಂದೆ ಬೀಳುತ್ತಾನೆ, ಸಮತೋಲಕ್ಕಾಗಿ ಲಗಾಮಿಗೆ ಜೋತು ಬೀಳುತ್ತಾನೆ. ಸವಾರನು ಕುರ್ಚಿಯಲ್ಲಿ ಕುಳಿತವನಂತಿರದೆ ಕಾಲುಗಳನ್ನು ಅಗಲಿಸಿ ನೆಟ್ಟಗೆ ನಿಂತವನಂತಿರಬೇಕೆಂದು ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫೋನ್ ಎಂಬ ಸೇನಾನಿ ತನ್ನ ಅಶ್ವಾರೋಹಣ ಗ್ರಂಥದಲ್ಲಿ ತಿಳಿಸಿದ್ದಾನೆ. ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದುಳಿದಿರಲಿಲ್ಲ. ಶರಣರ ಕಲ್ಯಾಣವೇ ರಾಜಧಾನಿಯಾಗಿದ್ದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳನ್ನು ಕುರಿತೂ ಕುದುರೆಯೇರಿ ಆಡುವ ಚೆಂಡಾಟವನ್ನು ಕುರಿತೂ ವಿವರಗಳಿವೆ.

ಕೊನೆಗೆ ಉಸ್ತಾದರು ಹೇಳಿದ ಮಾತು ಇದು: "ಮೈಮೇಲೆ ಒಂದು ನೊಣ ಕುಳಿತರೂ ಕುದುರೆಗೆ ಗೊತ್ತಾಗುತ್ತದೆ, ಚರ್ಮ ಅದುರಿಸುತ್ತದೆ. ಮಗು ಉಸಿರು ಬಿಗಿಹಿಡಿದರೆ ಅದಕ್ಕೆ ಗೊತ್ತಾಗದೆ ಇರುತ್ತದೆಯೆ? ನೀವು ಬೇಲಿಯಲ್ಲಿ ಕೂಗುತ್ತೀರಿ, ಮಗು ಬಿಗಿಯುತ್ತದೆ, ಕುದುರೆ ಓಡುತ್ತದೆ. ಓಡಿಸುತ್ತಿರುವವರು ನೀವೇ, ಯಜಮಾನರೇ." ನಾನು ಉತ್ತರ ಕೊಡಲಿಲ್ಲ.

ಮರುವಾರದಿಂದ ಅವರು ಮೊಮ್ಮಗಳನ್ನು ಮೊದಲಿನ ಮೆಟ್ಟಿಲಿಗೆ ಇಳಿಸಿದರು. ಉದ್ದ ಹಗ್ಗದ ತುದಿಯನ್ನು ತಾವು ಹಿಡಿದು ಕುದುರೆಯನ್ನು ತಮ್ಮ ಸುತ್ತ ವೃತ್ತಾಕಾರವಾಗಿ ನಡೆಸಿದರು. ಹೀಗೆ ಮಾಡಿದಾಗ ಕುದುರೆಯನ್ನು ತಿರುಗಿಸುವ, ನಿಲ್ಲಿಸುವ ಚಿಂತೆ ಸವಾರನಿಗಿಲ್ಲ. ತನ್ನ ಮೈಯನ್ನು ನೋಡಿಕೊಂಡರೆ ಸಾಕು. ಲಗಾಮನ್ನು ಕುದುರೆಯ ಕತ್ತಿನ ಮೇಲೆ ಗಂಟು ಹಾಕಿ ಬಿಟ್ಟರು. "ಮಗಳೇ, ಈ ಲಗಾಮಿನ ಕೊನೆಯಲ್ಲಿ ಕಬ್ಬಿಣದ ಕಡಿವಾಣವಿದೆ. ಅದು ಇವಳ ನಾಲಿಗೆಯ ಮೇಲೆ ಕೂತಿದೆ. ನೀನು ಬೀಳುವ ಹೆದರಿಕೆಗೆ ಲಗಾಮು ಎಳೆದರೆ ಇವಳ ಬಾಯಿ ನೋಯುತ್ತದೆ. ಅದಕ್ಕೇ ತಲೆ ಎತ್ತುತ್ತಿದ್ದಳು" ಎಂದರು. ಅಲ್ಲಿಯವರೆಗೆ ಕುದುರೆ ತನ್ನನ್ನು ಬೀಳಿಸಿತೆಂದು ಮುನಿದಿದ್ದ ಮಗು ಸುಮ್ಮನಾಯಿತು. ಪಾಠ ಮುಗಿದ ಮೇಲೆ ಕುದುರೆಯ ಮೂತಿ ನೇವರಿಸುತ್ತ ಬಹಳ ಹೊತ್ತು ನಿಂತಿದ್ದಳೆಂದು ಅಳಿಯ ಹೇಳಿದನು. ಅವಳ ಭಯದ ಒಂದು ಪಾಲು ಅಂದೇ ಕರುಣೆಯಾಗಿ ಬದಲಾಗಿರಬೇಕು.

ನನಗೆ ಬೇಲಿಯ ಬಳಿ ಪ್ರವೇಶ ಇನ್ನೂ ದೊರೆತಿರಲಿಲ್ಲ. ಆದರೆ ಮನೆಯಲ್ಲಿ ಮಾಡಿಸಬಹುದಾದ ಕೆಲವು ಅಭ್ಯಾಸಗಳನ್ನು ಉಸ್ತಾದರು ನನಗೆ ಒಪ್ಪಿಸಿದ್ದರು. ಪಾಲಕರಿಗೆ ಉಪಯೋಗವಾದೀತೆಂದು ಅವುಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕೂರುವುದು. ಗಟ್ಟಿಯಾದ ಮರದ ಸ್ಟೂಲಿನ ಮೇಲೆ ಮಗುವನ್ನು ಕೂರಿಸಿ, ಅಂಗೈಗಳನ್ನು ಕೆಳಗಿಟ್ಟುಕೊಳ್ಳಲು ಹೇಳಬೇಕು. ಎರಡು ಮೂಳೆಗಳು ಅಂಗೈಗೆ ಒತ್ತುತ್ತವೆ. ಬೆನ್ನು ಗೂನು ಮಾಡಿದರೆ ಅವು ಮುಂದಕ್ಕೆ ಜಾರುತ್ತವೆ. ಎದೆ ಸೆಟೆಸಿ ಸೊಂಟ ಬಗ್ಗಿಸಿದರೆ ಹಿಂದಕ್ಕೆ ತಿರುಗುತ್ತವೆ. ಎರಡೂ ಮೂಳೆಗಳು ನೇರ ಕೆಳಮುಖವಾಗಿ, ಸಮಭಾರವಾಗಿ ಒತ್ತುವ ಜಾಗವೇ ಸವಾರನ ಆಸನ. ಸೆಟೆದು ಕೂತ ಬೆನ್ನು ನೇರವಾದ ಬೆನ್ನಲ್ಲ ಎಂಬುದು ಮಗುವಿಗೆ ಇಲ್ಲಿಯೇ ತಿಳಿಯುತ್ತದೆ. ನನ್ನ ಮೊಮ್ಮಗಳಿಗೆ ಇದು ಬೇಗ ತಿಳಿಯಲು ಅವಳ ಅಜ್ಜಿಯ ನಿದರ್ಶನ ಸಹಾಯವಾಯಿತು. ಪ್ರತಿದಿನ ಪೂಜೆಗೆ ಕೂರುವ ಆಕೆಯ ಬೆನ್ನು ನೆಟ್ಟಗಿರುತ್ತದೆ, ಆದರೆ ಭುಜಗಳು ಇಳಿದಿರುತ್ತವೆ. ಎಡ ಅಂಗೈ ಇಷ್ಟಲಿಂಗವನ್ನು ಹೊತ್ತಿರುತ್ತದೆ, ಹಿಸುಕುವುದಿಲ್ಲ, ಅಲುಗುವುದೂ ಇಲ್ಲ. "ಅಜ್ಜಿಯ ಹಾಗೆ ಕೂರು" ಎಂದರೆ ಸಾಕಾಯಿತು, ನನ್ನ ಹತ್ತು ಸೂಚನೆಗಳು ಬೇಡವಾದವು.

ಎರಡನೆಯದು ಹಿಮ್ಮಡಿ. ನಾನು "ಹಿಮ್ಮಡಿ ಒತ್ತು" ಎನ್ನುತ್ತಿದ್ದುದು ತಪ್ಪು. ಒತ್ತಿದರೆ ಕಾಲು ಗಟ್ಟಿಯಾಗಿ ಮುಂದಕ್ಕೆ ಹೋಗುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಕಟಕಟೆ ಹಿಡಿದು ನಿಂತು, ಹಿಮ್ಮಡಿಯನ್ನು ಅದರ ಭಾರಕ್ಕೆ ಬಿಟ್ಟುಬಿಡಬೇಕು. ಅದು ತಾನಾಗಿಯೇ ಇಳಿಯುತ್ತದೆ. ರಿಕಾಪಿನಲ್ಲಿಯೂ ಹೀಗೆಯೇ ಇಳಿಯಬೇಕು.

ಮೂರನೆಯದು ಕೈ. ನೀರು ತುಂಬಿದ ಎರಡು ಸ್ಟೀಲಿನ ಲೋಟಗಳನ್ನು ಎರಡು ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಇಳಿಬಿಟ್ಟು, ಹಾಲಿನಲ್ಲಿ ನಾಲ್ಕು ಸುತ್ತು ನಡೆಯಬೇಕು. ಕೈಯನ್ನು ಬಿಗಿದರೆ ನೀರು ಚೆಲ್ಲುತ್ತದೆ. ಭುಜ, ಮೊಣಕೈ ಸಡಿಲವಾಗಿದ್ದರೆ ಮೈ ಅಲುಗಿದರೂ ಲೋಟ ಅಲುಗುವುದಿಲ್ಲ. ಈ ಅಭ್ಯಾಸದಲ್ಲಿ ಮಗಳ ಮನೆಯ ನೆಲ ಎರಡು ವಾರ ಒಣಗಲಿಲ್ಲ. ಮಗಳು ಗೊಣಗಿದಳು, ಆದರೆ ತಡೆಯಲಿಲ್ಲ.

ನಾಲ್ಕನೆಯದು ಉಸಿರು. ಹೆದರಿದ ಮಗು ಉಸಿರು ಹಿಡಿಯುತ್ತದೆ. ಹಿಡಿದೊಡನೆ ಹೊಟ್ಟೆ, ಸೊಂಟ, ತೊಡೆ ಎಲ್ಲವೂ ಕಲ್ಲಾಗುತ್ತವೆ. "ಉಸಿರು ಬಿಡು" ಎಂದು ಆಜ್ಞೆ ಮಾಡಿದರೆ ಪ್ರಯೋಜನವಿಲ್ಲ. ಹಾಡಿಸಬೇಕು, ಇಲ್ಲವೇ ಗಟ್ಟಿಯಾಗಿ ಎಣಿಸಬೇಕು. ಉಸಿರು ಹಿಡಿದುಕೊಂಡು ಯಾರೂ ಹಾಡಲಾರರು. ಉಸ್ತಾದರ ವೃತ್ತದಲ್ಲಿ ನಡಿಗೆಗೆ ಒಂದು-ಎರಡು-ಮೂರು-ನಾಲ್ಕು, ಟ್ರಾಟಿಗೆ ಒಂದು-ಎರಡು ಎಂದು ಮಕ್ಕಳು ಕೂಗುತ್ತಾರೆ. ಎಣಿಸುವ ಮಗುವಿಗೆ ಕುದುರೆಯ ತಾಳ ಕಿವಿಯಿಂದ ಮೈಗೆ ಇಳಿಯುತ್ತದೆ.

ಇನ್ನು ನೋಟ. ಮನುಷ್ಯನ ತಲೆ ನಾಲ್ಕೈದು ಕಿಲೋ ತೂಗುತ್ತದೆ. ಅದು ಕೆಳಗೆ ಬಾಗಿದರೆ ಭುಜವನ್ನೂ ಬೆನ್ನನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. "ಕೆಳಗೆ ನೋಡಬೇಡ" ಎಂದರೆ ಮಗು ಕೆಳಗೇ ನೋಡುತ್ತದೆ. "ಆ ತೆಂಗಿನ ಮರ ನೋಡು, ಈಗ ಆ ನೀರಿನ ಟ್ಯಾಂಕು ನೋಡು" ಎಂದು ಉಸ್ತಾದರು ದೂರದ ಗುರುತುಗಳನ್ನು ಕೊಡುತ್ತಿದ್ದರು. ಬೇಡವಾದುದನ್ನು ಹೇಳುವುದಕ್ಕಿಂತ ಬೇಕಾದುದನ್ನು ತೋರಿಸುವುದು ಮೇಲೆಂಬ ಈ ಸೂತ್ರ ಕುದುರೆಗೆ ಮಾತ್ರ ಸೀಮಿತವಾದುದಲ್ಲ.

ಈ ಅಭ್ಯಾಸಗಳನ್ನು ಮಾಡಿಸುವ ದಿನಗಳಲ್ಲಿ ಮಗುವಿಗೆ ಕಥೆ ಹೇಳಲು ನಾನು ಕೆಲವನ್ನು ಓದಿಕೊಂಡೆ. ಅವುಗಳಲ್ಲಿ ಒಂದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ತಾಯಿಯ ಕಥೆ. 1944ರಲ್ಲಿ ಗರ್ಭಿಣಿಯಾಗಿದ್ದಾಗ ಪೋಲಿಯೊ ತಗುಲಿ ಆಕೆಯ ಮೊಣಕಾಲಿನ ಕೆಳಗಿನ ಭಾಗ ಶಕ್ತಿಗುಂದಿತು. ಕುದುರೆ ಹತ್ತಲೂ ಇಳಿಯಲೂ ಇತರರ ನೆರವು ಬೇಕಾಗಿತ್ತು. ಅಂಥ ಹೆಣ್ಣುಮಗಳು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಪುರುಷರೊಡನೆ ಸ್ತ್ರೀಯರಿಗೂ ಮೊದಲ ಬಾರಿಗೆ ಪ್ರವೇಶ ದೊರೆತ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದಳು. 1956ರಲ್ಲಿ ಮತ್ತೊಮ್ಮೆ ಪಡೆದಳು. ಡ್ರೆಸಾಜ್ ಎಂದರೆ ಕುದುರೆಯಿಂದ ನಾಟ್ಯದಂಥ ನಡೆಗಳನ್ನು ಮಾಡಿಸುವ ಕಲೆ. ಸವಾರನು ಏನೂ ಮಾಡದೆ ಕುಳಿತಂತೆಯೇ ಕಾಣಬೇಕು. ಕಾಲಿನಿಂದ ಬಿಗಿಹಿಡಿಯುವ ಶಕ್ತಿಯೇ ಇಲ್ಲದವಳು ಕೇವಲ ಸಮತೋಲದಿಂದ, ಮೈಯ ಭಾರದಿಂದ ಕುದುರೆಯೊಡನೆ ಮಾತಾಡಿದಳು. "ಹಾಗಾದರೆ ಬೀಳದೆ ಇರುವುದಕ್ಕೆ ಕಾಲಿನ ಶಕ್ತಿ ಬೇಡವೇ ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ಶಕ್ತಿ ಬೇಕು, ಆದರೆ ಅದಕ್ಕಿಂತ ಮೊದಲು ಸಮತೋಲ ಬೇಕೆಂದು ಹೇಳಿದೆ.

ನಮ್ಮವರ ಸಾಧನೆಯನ್ನೂ ಹೇಳಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್ ವಿಭಾಗದ ವೈಯಕ್ತಿಕ ಬೆಳ್ಳಿಯನ್ನೂ ತಂಡದ ಬೆಳ್ಳಿಯನ್ನೂ ತಂದರು. 1982ರ ದೆಹಲಿ ಕೂಟದ ಅನಂತರ ಈ ಕ್ರೀಡೆಯಲ್ಲಿ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕವದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರು 23ನೆಯ ಸ್ಥಾನ ಪಡೆದರು. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಆ ತಂಡದ ನಾಲ್ವರಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇಬ್ಬರು ಹೆಣ್ಣುಮಕ್ಕಳು. ಮೊಮ್ಮಗಳು ಅವರ ಸವಾರಿಯ ದೃಶ್ಯವನ್ನು ಮೊಬೈಲಿನಲ್ಲಿ ಹುಡುಕಿ ನನಗೆ ತೋರಿಸಿದಳು. "ನೋಡು ಅಜ್ಜಾ, ಇವರ ಕೈ ಲೋಟ ಹಿಡಿದ ಹಾಗೇ ಇದೆ" ಎಂದಳು. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆರು ವಾರ ಕಳೆದ ಮೇಲೆ ಒಂದು ಶುಕ್ರವಾರ ಅವಳಾಗಿಯೇ, "ನಾಳೆ ನೀನು ಬಾ ಅಜ್ಜಾ, ಆದರೆ ಕೂಗಬಾರದು" ಎಂದಳು. ಒಪ್ಪಿದೆ. ಬಂಧುಗಳೇ, ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಅವಳ ಭುಜ ಎದ್ದಾಗಲೆಲ್ಲ ನನ್ನ ಗಂಟಲಿನವರೆಗೆ ಮಾತು ಬರುತ್ತಿತ್ತು. ಬೇಲಿಯ ಬೊಂಬನ್ನು ನೋಡಿಕೊಂಡೆ. ಅದನ್ನು ನನ್ನ ಎರಡೂ ಕೈಗಳು ಬಿಗಿಯಾಗಿ ಹಿಡಿದಿದ್ದವು! ಕೈ ಸಡಿಲಿಸಿದೆ, ಉಸಿರು ಬಿಟ್ಟೆ. ಉಸ್ತಾದರು ಕುದುರೆಯನ್ನು ಟ್ರಾಟಿಗೆ ತಂದರು. ಮಗು ಒಂದೆರಡು ಹೆಜ್ಜೆ ಪುಟಿದಳು, ಮತ್ತೆ "ಒಂದು-ಎರಡು, ಒಂದು-ಎರಡು" ಎಂದು ಎಣಿಸತೊಡಗಿದಳು. ಕುದುರೆಯ ಬೆನ್ನು ಎತ್ತಿದಾಗ ಏಳುತ್ತ, ಇಳಿದಾಗ ಇಳಿಯುತ್ತ ಸುತ್ತು ಮುಗಿಸಿದಳು. ಆಮೇಲೆ ಉಸ್ತಾದರು ರಿಕಾಪುಗಳನ್ನು ಜೀನಿನ ಮುಂದೆ ಮಡಚಿಟ್ಟರು. ಬರಿಯ ಕಾಲು ಇಳಿಬಿಟ್ಟು, ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿ ಅವಳು ಅರ್ಧ ಸುತ್ತು ಹೋದಳು. ಅರ್ಧ ಸುತ್ತಿಗೇ ನಿಲ್ಲಿಸಿದರು. ದಣಿದ ಸ್ನಾಯು ಮತ್ತೆ ಬಿಗಿಯಲು ಆರಂಭಿಸುವ ಮೊದಲೇ ನಿಲ್ಲಿಸಬೇಕೆಂಬುದು ಅವರ ಕ್ರಮ. ಕುದುರೆ ಕತ್ತು ಇಳಿಬಿಟ್ಟು ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟಿತು. ತನಗೂ ಹಾಯೆನಿಸಿದಾಗ ಕುದುರೆ ಹಾಗೆ ಮಾಡುತ್ತದೆಯಂತೆ.

ಅಂದು ಮಗಳೂ ನಮ್ಮೊಡನೆ ಬಂದಿದ್ದಳು. ಕಾರಿನಲ್ಲಿ ಮರಳುವಾಗ ಮಗು ಹಿಂದಿನ ಸೀಟಿನಲ್ಲಿ ನಿದ್ರೆ ಹೋಗಿದ್ದಳು. ಮಗಳು ದಾರಿಯನ್ನೇ ನೋಡುತ್ತ, "ಅಪ್ಪಾ, ನನಗೆ ಸೈಕಲ್ ಕಲಿಸಿದ್ದು ನೆನಪಿದೆಯೆ?" ಎಂದು ಕೇಳಿದಳು. ನೆನಪಿಲ್ಲದೆ ಇರುತ್ತದೆಯೆ? ಪೀಣ್ಯದ ಮನೆಯ ಮುಂದಿನ ರಸ್ತೆಯಲ್ಲಿ ಸೈಕಲ್ಲಿನ ಹಿಂದೆ ಓಡುತ್ತ ನಾನು ಇದೇ ಗಂಟಲಿನಿಂದ, "ನೇರ ಹಿಡಿ! ಕಾಲು ತುಳಿ! ಎಲ್ಲಿ ನೋಡುತ್ತೀ?" ಎಂದು ಕೂಗುತ್ತಿದ್ದೆ. ಮೂರು ಭಾನುವಾರವಾದ ಮೇಲೆ ಅವಳು ಸೈಕಲ್ ಮುಟ್ಟುವುದನ್ನೇ ಬಿಟ್ಟಳು. ನಾಲ್ಕು ಜನರ ಮುಂದೆ "ಇವಳಿಗೆ ಧೈರ್ಯವಿಲ್ಲ" ಎಂದು ನಾನು ಹೇಳಿದ್ದೂ ಉಂಟು. ಇಂದಿಗೂ ಅವಳಿಗೆ ಸೈಕಲ್ ಬರುವುದಿಲ್ಲ. "ತಪ್ಪು ನಿನ್ನದಲ್ಲವ್ವಾ, ನಾನು ಕಲಿಸಿದ ರೀತಿಯದು" ಎಂದೆ. ಮೂವತ್ತು ವರ್ಷ ತಡವಾಗಿ ಹೇಳಿದ ಮಾತು. ಅವಳು ಉತ್ತರ ಕೊಡಲಿಲ್ಲ. ಮನೆ ತಲುಪಿದ ಮೇಲೆ ನನಗೆ ಇಷ್ಟವೆಂದು ಖಡಕ್ ರೊಟ್ಟಿಯ ಜೊತೆಗೆ ಎಣ್ಣೆಗಾಯಿ ಮಾಡಿದಳು.

ಕುದುರೆ ಸವಾರಿ ಎಲ್ಲ ಮಕ್ಕಳಿಗೂ ಬೇಕೆಂದು ನಾನು ಹೇಳುವುದಿಲ್ಲ. ಅದು ವೆಚ್ಚದ ವಿದ್ಯೆ, ಅಪಾಯವೂ ಇಲ್ಲದಿಲ್ಲ. ಕಲಿಸುವ ಪಾಲಕರು ಕೆಲವನ್ನು ಗಮನಿಸಬೇಕು. ಹೊಸಬರನ್ನು ಮೊದಲು ಉದ್ದ ಹಗ್ಗದ ಮೇಲೆ ಕಲಿಸುವ ಪದ್ಧತಿ ಅಲ್ಲಿದೆಯೆ? ಕುದುರೆಗಳ ಪಕ್ಕೆಲುಬು ಎದ್ದಿವೆಯೆ, ಗೊರಸು-ಲಾಳ ಸರಿಯಾಗಿವೆಯೆ, ಅವಕ್ಕೆ ವಿಶ್ರಾಂತಿಯುಂಟೆ? ಪ್ರಾಣಿಯನ್ನು ನೋಯಿಸುವ ಕಡೆ ಮಕ್ಕಳಿಗೆ ಒಳ್ಳೆಯದನ್ನು ಕಲಿಸಲಾರರು. ಮಗುವಿನ ತಲೆಗೆ ಸರಿಯಾಗಿ ಕೂರುವ ಸವಾರಿ ಹೆಲ್ಮೆಟ್ ಇರಲಿ, ಗದ್ದದ ಪಟ್ಟಿ ಹಾಕಿರಲಿ. ಜೋರಾಗಿ ಬಿದ್ದ ಮೇಲೆ ಹೆಲ್ಮೆಟ್ ಬದಲಾಯಿಸಿರಿ. ರಿಕಾಪಿನಲ್ಲಿ ಪಾದ ಪೂರ್ತಿ ತೂರಿಹೋಗದಂತೆ ತುಸು ಹಿಮ್ಮಡಿಯಿರುವ ಬೂಟು ಬೇಕು. ಬಿದ್ದ ಮಗುವನ್ನು ಅದೇ ಗಳಿಗೆಯಲ್ಲಿ ಮತ್ತೆ ಹತ್ತಿಸಲೇಬೇಕೆಂಬ ಹಟ ಬೇಡ. ಗಾಯವಿಲ್ಲವೆಂದು ನೋಡಿ, ಅದರ ಮಾತು ಕೇಳಿ, ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಆರಂಭಿಸಿರಿ.

ಈಗ ಪಾಠ ಮುಗಿದ ಮೇಲೆ ನಾನು ಮೊಮ್ಮಗಳಿಗೆ ಎರಡೇ ಪ್ರಶ್ನೆ ಕೇಳುತ್ತೇನೆ: "ಇವತ್ತು ಯಾವಾಗ ಹಾಯೆನಿಸಿತು? ಕುದುರೆ ಏನು ಹೇಳಿತು?" ಉಳಿದುದನ್ನೆಲ್ಲ ಅವಳೇ ಹೇಳುತ್ತಾಳೆ. ಕಳೆದ ತಿಂಗಳು ಅವಳು ಮತ್ತೊಮ್ಮೆ ಬಿದ್ದಳು. ಮರಳು ಕೊಡವಿಕೊಂಡು ಎದ್ದವಳು ಮೊದಲು ಕುದುರೆಯ ಹತ್ತಿರ ಹೋಗಿ ಅದರ ಬಾಯಿ ನೋಡಿದಳು, ಅನಂತರ ನನ್ನ ಕಡೆ ತಿರುಗಿ ನೋಡಿದಳು. ನಾನು ಕೂಗಲಿಲ್ಲ. ಅವಳು ನಕ್ಕು ಮತ್ತೆ ರಿಕಾಪಿಗೆ ಕಾಲಿಟ್ಟಳು.

ನಮ್ಮ ಮನೆಯ ಗೋಡೆಯ ಮೇಲಿನ ಚೆನ್ನಮ್ಮನ ಪಟವನ್ನು ಈಗ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಖಡ್ಗವನ್ನು ನೋಡುವ ಮೊದಲು ಆ ತಾಯಿ ಕುಳಿತಿರುವ ಬಗೆಯನ್ನು ನೋಡುತ್ತೇನೆ. ಆಕೆಯೂ ಒಂದು ಕಾಲಕ್ಕೆ ಹನ್ನೆರಡರ ಬಾಲಕಿಯಾಗಿದ್ದವಳು. ಆಕೆಗೂ ಯಾರೋ ಹಿರಿಯರು ತಾಳ್ಮೆಯಿಂದ ಕಲಿಸಿರಬೇಕು. ನಮ್ಮ ಮನೆಗಳ ಮಕ್ಕಳು ಯಾವ ವಿದ್ಯೆಯನ್ನೇ ಏರಿ ಕುಳಿತಿರಲಿ, ಅವರ ಬೆನ್ನು ನೇರವಾಗಿರಲಿ, ಮನಸ್ಸು ಹಗುರವಾಗಿರಲಿ. ಬೇಲಿಯ ಬಳಿ ನಿಂತ ನಮ್ಮ ಕೈಗಳೂ ತುಸು ಸಡಿಲವಾಗಿರಲಿ ಎಂದು ಹಾರೈಸುತ್ತೇನೆ. ಶರಣು.